ಮೂರನೆಯ ವರ್ಷದ ಶೀಲ್ಡು

ಅತ್ತಿಬೆಲೆ
೧೮ ಜನವರಿ ೧೯೮೧

ಚಿರಂಜೀವಿ ಚೌರಪ್ಪನಿಗೆ,

ನಿನ್ನ ಸಂಕ್ರಾಂತಿಯ ಪತ್ರದಲ್ಲಿ ಒಂದು ತಪ್ಪಿದೆ. ಕುಶಲಪ್ರಶ್ನೆಗೆ ಮೊದಲು ಅದನ್ನು ತಿದ್ದಬೇಕಾಗಿದೆ. ‘ಹತ್ತನೆಯ ತರಗತಿಯ ಚಿಕ್ಕಬೈರಪ್ಪ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಹಳ ದಿನ ಶಾಲೆ ತಪ್ಪಿಸಿದ್ದರಿಂದ ಅವನ ಹಾಜರಿ ಸಾಲದಾಗಿದೆ. ಈ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವಂತಿಲ್ಲ. ನಮ್ಮ ಅದೃಷ್ಟ, ಇನ್ನೊಂದು ವರ್ಷ ಶಾಲೆಗಾಗಿ ಓಡುತ್ತಾನೆ’ ಎಂದು ಬರೆದಿದ್ದೀಯೆ. ಬೈರ ಶಾಲೆ ತಪ್ಪಿಸಲಿಲ್ಲ. ನೀನು ಅವನನ್ನು ಓಟದ ಶಿಬಿರಗಳಿಗೆ ಕರೆದುಕೊಂಡು ಹೋಗಿದ್ದೆ. ಎರಡಕ್ಕೂ ಇರುವ ಅಂತರ ನಿನಗೆ ತಿಳಿಯದ್ದಲ್ಲ.

ಆ ದಿನಗಳಲ್ಲಿ ಒಂದಕ್ಕೆ ನಾನೇ ಸಾಕ್ಷಿ. ಸೆಪ್ಟೆಂಬರಿನ ಒಂದು ಮಂಗಳವಾರ ಆನೇಕಲ್ಲಿನ ಆಯ್ಕೆ ಶಿಬಿರ ಮುಗಿಸಿಕೊಂಡು ನೀವಿಬ್ಬರೂ ನಮ್ಮ ಮನೆಗೆ ಊಟಕ್ಕೆ ಬಂದಿರಿ. ನನ್ನ ತಮ್ಮನ ಹೆಂಡತಿ ವಸಂತಮ್ಮ ಬಡಿಸುತ್ತಿದ್ದಳು.

‘ಇನ್ನೊಂದು ಮುದ್ದೆ ಇಕ್ಲೇನಪ್ಪ?’ ಎಂದಳು.

‘ಇಕ್ಕಿ ಅಕ್ಕ, ನಮ್ ಸಾರ್ ಆ ಕಡೆ ನೋಡ್ದಾಗ ಇಕ್ಕಿ. ಓಡೋನ್ಗೆ ಒಟ್ಟೆ ಬಾರ ಆಗ್ಬಾರ್ದು ಅಂತಾರೆ’ ಎಂದ ಹುಡುಗ.

ನೀನು ನಕ್ಕು ನಿಜವಾಗಿಯೂ ಮುಖ ಆ ಕಡೆ ತಿರುಗಿಸಿದೆ.

ಊಟವಾದ ಮೇಲೆ ಅವನು ತನ್ನ ಮನೆಯ ಸಂಗತಿ ಹೇಳಿದ. ದೊಡ್ಡನೆಕ್ಕುಂದಿಯಲ್ಲಿ ಅವರ ಜಮೀನು ಕೈಗಾರಿಕಾ ಪ್ರದೇಶಕ್ಕೆ ಹೋಗಿದೆ. ತಂದೆ ಇಲ್ಲ. ತಂದೆಯದೂ ಚಿಕ್ಕಪ್ಪ ಗೋಪಾಲಪ್ಪನದೂ ಒಂದೇ ಖಾತೆಯಾದ್ದರಿಂದ ಎರಡು ಮನೆಗೂ ಸೇರಿ ಕಾರ್ಖಾನೆಯಲ್ಲಿ ಒಂದೇ ಕೆಲಸ. ಬೈರ ಈ ವರ್ಷ ಹತ್ತನೆಯ ತರಗತಿ ಮುಗಿಸಿದರೆ ಅವನಿಗೆ, ಇಲ್ಲವಾದರೆ ಆಗಲೇ ಪಾಸಾಗಿ ಕುಳಿತಿರುವ ಗೋಪಾಲಪ್ಪನ ಮಗನಿಗೆ ಎಂದು ಊರಿನ ಹಿರಿಯರ ಮುಂದೆ ಮಾತಾಗಿದೆ. ಇದನ್ನು ಹುಡುಗ ನನಗೊಬ್ಬನಿಗೇ ಹೇಳಲಿಲ್ಲ. ನೀನು ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದೆ.

ನಮ್ಮ ಸಂತ ಗ್ಯಾಸ್ಪರ್ ಶಾಲೆಯಲ್ಲಿ ನಾನಿದ್ದಷ್ಟು ಕಾಲವೂ ನಡೆದುಬಂದ ಒಂದು ಕ್ರಮವಿದೆ. ತಿಂಗಳ ಕೊನೆಗೆ ವ್ಯಾಯಾಮ ಶಿಕ್ಷಕರು ತರಗತಿಯ ಬಾಗಿಲಿಗೆ ಬಂದು ‘ಈ ಹುಡುಗರು ಈ ದಿನ ನನ್ನ ಜೊತೆಗಿದ್ದರು’ ಎಂದರೆ ಸಾಕು, ನಾವು ಹಾಜರಿ ಹಾಕುತ್ತಿದ್ದೆವು. ಬಾಯಿಮಾತೇ ಪ್ರಮಾಣ. ಈಗ ಆ ಜಾಗದಲ್ಲಿರುವ ನೀನು ಆ ಮಾತನ್ನು ಹೇಳಿದೆಯೋ ಇಲ್ಲವೋ, ಅಷ್ಟನ್ನು ತಿಳಿಸು.

‘ಅದೃಷ್ಟ’ ಎಂದರೆ ಕಣ್ಣಿಗೆ ಕಾಣದ್ದು. ಇಲ್ಲಿ ನನಗೆ ಎಲ್ಲವೂ ಕಾಣುತ್ತಿದೆ.

ಆಶೀರ್ವಾದಗಳೊಂದಿಗೆ,
ಲಕ್ಷ್ಮಯ್ಯ


ವೈಟ್‌ಫೀಲ್ಡ್
೨೭ ಜನವರಿ ೧೯೮೧

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಪತ್ರ ಓದಿ ಮಡಿಸಿಟ್ಟು, ಮತ್ತೆ ತೆಗೆದು ಓದಿದೆ. ಎಂಟನೆಯ ತರಗತಿಯಲ್ಲಿ ನನ್ನ ಪ್ರಬಂಧಕ್ಕೆ ನೀವು ಕೆಂಪು ಶಾಯಿ ಹಾಕಿ ಹಿಂದಿರುಗಿಸಿದ ದಿನದಂತೆಯೇ ಆಯಿತು. ನೀವು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುತ್ತೇನೆ. ನಾನು ಹೇಳಲಿಲ್ಲ, ತಿಂಗಳ ಕೊನೆಗೂ ಇಲ್ಲ, ಆಮೇಲೂ ಇಲ್ಲ.

ನಡೆದದ್ದು ಹೀಗೆ. ಜನವರಿಯ ಅಧ್ಯಾಪಕರ ಸಭೆಯಲ್ಲಿ ಹತ್ತನೆಯ ತರಗತಿಯ ಶಿಕ್ಷಕಿ ನಾಗಲಕ್ಷ್ಮಮ್ಮನವರು ಹಾಜರಿ ಸಾಲದವರ ಹೆಸರು ಓದಿದರು. ಬೈರನ ಹೆಸರು ಬಂದಾಗ, ‘ಫಾದರ್, ಈ ಹುಡುಗ ಗಣಿತದಲ್ಲೂ ಅಷ್ಟಕ್ಕಷ್ಟೆ. ಪಾಸಾದ್ರೆ ಆದ, ಇಲ್ದಿದ್ರೆ ಇಲ್ಲ’ ಎಂದರು. ನಮ್ಮ ಶಾಲೆಯ ಫಲಿತಾಂಶ ನಾಲ್ಕು ವರ್ಷದಿಂದ ನೂರಕ್ಕೆ ನೂರು ಎಂಬುದು ನಿಮಗೆ ಗೊತ್ತು. ಫಾದರ್ ಡೆನ್ನಿಸ್ ಕನ್ನಡಕ ತೆಗೆದು ಒರೆಸಿಕೊಂಡು ನನ್ನ ಕಡೆ ನೋಡಿದರು. ‘ಮಾಸ್ಟರ್ ಚೌರಪ್ಪ, ಇವನ ವಿಷಯದಲ್ಲಿ ನಿಮಗೆ ಏನಾದರೂ ಹೇಳಲಿಕ್ಕುಂಟೋ?’

ನಾನು ಕಿಟಕಿಯ ಹೊರಗೆ ನೋಡಿದೆ. ಮೈದಾನದಲ್ಲಿ ಎಂಟನೆಯವರು ಬ್ಯಾಂಡು ಅಭ್ಯಾಸ ಮಾಡುತ್ತಿದ್ದರು. ಫಾದರ್ ಮುಂದಿನ ಹೆಸರಿಗೆ ಹೋದರು. ನಾನು ಸುಳ್ಳು ಹೇಳಲಿಲ್ಲ ಮೇಷ್ಟ್ರೇ. ನಾನು ಏನನ್ನೂ ಹೇಳಲಿಲ್ಲ.

ಇನ್ನು ಕಾರಣ. ಅಂತರಶಾಲಾ ಗುಡ್ಡಗಾಡು ಓಟದ ರೋಲಿಂಗ್ ಶೀಲ್ಡನ್ನು ಎರಡು ವರ್ಷದಿಂದ ಬೈರ ತಂದುಕೊಟ್ಟಿದ್ದಾನೆ. ಸತತ ಮೂರು ವರ್ಷ ಗೆದ್ದ ಶಾಲೆಗೆ ಅದು ಶಾಶ್ವತವಾಗಿ ಉಳಿಯುತ್ತದೆ. ಮುಂದಿನ ಓಟ ಆಗಸ್ಟಿನಲ್ಲಿ. ಈ ಮಾರ್ಚಿನಲ್ಲಿ ಅವನು ಪರೀಕ್ಷೆ ಬರೆದು ಹೋದರೆ ಆಗಸ್ಟಿನಲ್ಲಿ ನನ್ನ ಬಳಿ ಓಡುವವರು ಯಾರಿದ್ದಾರೆ? ಶೀಲ್ಡು ಬಂದ ದಿನ ಫಾದರ್ ಅದಕ್ಕೆ ತೀರ್ಥ ಚಿಮುಕಿಸಿ ಮಾತೆಯ ಪಾದದ ಬಳಿ ಇಟ್ಟು, ‘ಮೂರನೆಯ ವರ್ಷವೂ ಬರಲಿ, ನಿಮ್ಮ ಕೆಲಸ ಕಾಯಂ ಮಾಡಲಿಕ್ಕೆ ಬಿಷಪ್ಪರಿಗೆ ನಾನೇ ಬರೆಯುತ್ತೇನೆ’ ಎಂದಿದ್ದರು. ಆರು ವರ್ಷದಿಂದ ಪ್ರತಿ ಜೂನ್‌ನಲ್ಲಿ, ಇನ್ನೊಂದು ವರ್ಷ ಮುಂದುವರಿಸಿ ಎಂದು ಅವರ ಬಾಗಿಲ ಮುಂದೆ ನಿಲ್ಲುತ್ತಿದ್ದೇನೆ. ನನ್ನ ಹೆಂಡತಿ ಫಿಲೋಮಿನಾ ಈಗ ಏಳು ತಿಂಗಳ ಬಸುರಿ.

ಆದರೆ ನನ್ನ ಸಲುವಾಗಿ ಮಾತ್ರ ಎಂದು ತಿಳಿಯಬೇಡಿ. ಬೈರನ ಕಾಲಿನಲ್ಲಿ ಏನಿದೆ ಎಂದು ನೀವು ನೋಡಿಲ್ಲ. ಇನ್ನೊಂದು ವರ್ಷ ನನ್ನ ಕೈಯಲ್ಲಿದ್ದರೆ ರಾಜ್ಯ ತಂಡಕ್ಕೆ ಹೋಗುತ್ತಾನೆ. ಆಮೇಲೆ ರೈಲ್ವೆಯವರೋ ಪೊಲೀಸಿನವರೋ ಕರೆದು ಕೆಲಸ ಕೊಡುತ್ತಾರೆ. ಕಾರ್ಖಾನೆಗೆ ಹೋದರೆ ಎಂಟು ಗಂಟೆ ಯಂತ್ರದ ಮುಂದೆ ನಿಂತು ಆ ಕಾಲು ಮರಗಟ್ಟುತ್ತದೆ. ನೀವು ಅಕ್ಷರದ ಕಡೆಯಿಂದ ನೋಡುತ್ತೀರಿ, ನಾನು ಮೈದಾನದ ಕಡೆಯಿಂದ ನೋಡುತ್ತೇನೆ.

ನಿಮ್ಮ ಶಿಷ್ಯ,
ಚೌರಪ್ಪ


ಅತ್ತಿಬೆಲೆ
೨ ಫೆಬ್ರವರಿ ೧೯೮೧

ಚೌರಪ್ಪನಿಗೆ,

ನಿನ್ನ ಪತ್ರದಲ್ಲಿ ನಿನ್ನ ಕೆಲಸದ ಮಾತಿದೆ, ಶಾಲೆಯ ಶೀಲ್ಡಿನ ಮಾತಿದೆ, ಬೈರನ ಕಾಲಿನ ಮಾತೂ ಇದೆ. ಬೈರನ ಮಾತು ಒಂದೂ ಇಲ್ಲ.

ರಾಜ್ಯ ತಂಡ, ರೈಲ್ವೆ, ಪೊಲೀಸು ಇವೆಲ್ಲ ಆಗಬಹುದು. ಆಗದೆಯೂ ಇರಬಹುದು. ಓಡುವವನ ಪಾದ ಒಂದು ಕಲ್ಲಿನ ಮೇಲೆ ಹೊರಳಿದರೆ ಮುಗಿಯಿತು. ಕಾರ್ಖಾನೆಯ ಕೆಲಸವಾದರೋ ಈ ವರ್ಷವೇ ಇದೆ, ಈ ವರ್ಷಕ್ಕೆ ಮಾತ್ರ ಇದೆ. ಆಗಬಹುದಾದದ್ದಕ್ಕೋಸ್ಕರ ಇರುವುದನ್ನು ಬಿಡುವ ಹಕ್ಕು ಒಬ್ಬನಿಗುಂಟು. ಆ ಒಬ್ಬ ನೀನಲ್ಲ.

ಹುಡುಗನಿಗೆ ಇದನ್ನು ತಿಳಿಸಿದ್ದೀಯಾ?

ಹಾಲ್ ಟಿಕೆಟ್ಟುಗಳು ಮಾರ್ಚಿನ ಮೊದಲ ವಾರದಲ್ಲಿ ಶಾಲೆಗೆ ಬರುತ್ತವೆ. ಹಾಜರಿ ಸಾಲದವರಿಗೆ ಫಾದರ್ ಕೊಡುವುದಿಲ್ಲ. ಅಷ್ಟರೊಳಗೆ ನೀನು ಅವರ ಮುಂದೆ ಹೋಗಿ, ಅಂದು ಸಭೆಯಲ್ಲಿ ಹೇಳಬೇಕಾಗಿದ್ದನ್ನು ಹೇಳು. ಆನೇಕಲ್ಲಿನ ದಿನಕ್ಕೆ ನಾನು ಸಾಕ್ಷಿ ನಿಲ್ಲಬಲ್ಲೆ. ಉಳಿದ ದಿನಗಳಿಗೆ ನೀನಲ್ಲದೆ ಬೇರೆ ಯಾರೂ ಇಲ್ಲ.

ಲಕ್ಷ್ಮಯ್ಯ


ವೈಟ್‌ಫೀಲ್ಡ್
೧೬ ಫೆಬ್ರವರಿ ೧೯೮೧

ಪೂಜ್ಯ ಮೇಷ್ಟ್ರಿಗೆ,

ದಯಮಾಡಿ ಇನ್ನು ಮುಂದೆ ಶಾಲೆಯ ವಿಳಾಸಕ್ಕೆ ಬರೆಯಬೇಡಿ. ಲಕೋಟೆಯ ಹಿಂದೆ ನನ್ನ ಮನೆಯ ವಿಳಾಸ ಬರೆದಿದ್ದೇನೆ. ನಿಮ್ಮ ಅಕ್ಷರ ಕಂಡ ಕೂಡಲೇ ಆಫೀಸಿನ ಪಾಪಯ್ಯ, ‘ಏನ್ ಸಾರ್, ಮೇಷ್ಟ್ರು ಇನ್ನೂ ನಿಮ್ಗೆ ಪಾಠ ಮಾಡ್ತಾನೇ ಅವ್ರಾ?’ ಎಂದು ಎಲ್ಲರ ಮುಂದೆ ನಗುತ್ತಾನೆ.

ಹುಡುಗನಿಗೆ ತಿಳಿಸಿಲ್ಲ. ಕ್ರೀಡೋತ್ಸವ ಮುಗಿಯಲಿ ಎಂದುಕೊಂಡೆ. ಅದು ಮೊನ್ನೆ ಶನಿವಾರ ಮುಗಿಯಿತು.

ಚೆನ್ನಾಗಿಯೇ ನಡೆಯಿತು. ನಾಲ್ಕು ತಂಡಗಳ ಪಥಸಂಚಲನ ಈ ಸಲ ಒಂದೇ ಹೆಜ್ಜೆಯಲ್ಲಿತ್ತು. ಎನ್.ಸಿ.ಸಿ. ಹುಡುಗರು ಉರಿಯುವ ಬಳೆಯೊಳಗಿಂದ ಹಾರಿದರು. ನೀವು ಕಟ್ಟಿದ ಕನ್ನಡ ಸಂಘದವರು ಸ್ವಾಗತಗೀತೆ ಹಾಡಿದರು, ಎರಡನೆಯ ಚರಣದಲ್ಲಿ ತಾಳ ತಪ್ಪಿತು. ಜ್ಯೋತಿ ಹಿಡಿದು ಮೈದಾನ ಸುತ್ತಿದವನು ಬೈರ. ಫಾದರ್ ಮೈಕಿನಲ್ಲಿ, ‘ಈ ಹುಡುಗ ನಮ್ಮ ಶಾಲೆಯ ಹೆಮ್ಮೆ. ಆಗಸ್ಟಿನಲ್ಲಿ ಇವನನ್ನು ಮತ್ತೆ ನೋಡುವಿರಿ’ ಎಂದರು. ಜನ ಚಪ್ಪಾಳೆ ಹೊಡೆದರು. ಬೈರನಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿ ನಕ್ಕ.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಅವನ ಚಿಕ್ಕಪ್ಪ ಗೋಪಾಲಪ್ಪ. ಆಮೇಲೆ ನನ್ನ ಬಳಿ ಬಂದು ಕೈ ಹಿಡಿದುಕೊಂಡ. ‘ಬಲೇ ಸಾರ್, ಬಲೇ. ಓಡ್ಲಿ ಬುಡಿ ಉಡುಗ. ಓಡೋ ಕಾಲ್ಗೆ ಫ್ಯಾಕ್ಟ್ರಿ ಯಾಕೆ ಏಳಿ? ನಮ್ ಉಡುಗ್ನಿಗೆ ಓಡಕ್ಕೂ ಬರಲ್ಲ, ಆಡಕ್ಕೂ ಬರಲ್ಲ. ಅವ್ನ್ ಓಗ್ಲಿ ಫ್ಯಾಕ್ಟ್ರಿಗೆ’ ಎಂದ. ಅವನ ಮಗ ಪಕ್ಕದಲ್ಲೇ ಹೊಸ ಟೆರಿಕಾಟ್ ಪ್ಯಾಂಟು ಹಾಕಿಕೊಂಡು ನಿಂತಿದ್ದ. ಕೈಯನ್ನು ಬಿಡಿಸಿಕೊಳ್ಳುವಾಗ ನನಗೆ ಹೇಗಾಯಿತೆಂದು ಬರೆಯಲಾರೆ.

ನನಗೆ ಇನ್ನೂ ಸ್ವಲ್ಪ ಸಮಯ ಕೊಡಿ. ನನ್ನನ್ನು ಈ ಶಾಲೆಗೆ ಸೇರಿಸಿದವರು ನೀವು. ನನ್ನ ಅನ್ನ ಕಳೆಯುವವರೂ ನೀವೇ ಆಗಬೇಡಿ.

ಚೌರಪ್ಪ


ಅತ್ತಿಬೆಲೆ
೨೩ ಫೆಬ್ರವರಿ ೧೯೮೧

ಚೌರಪ್ಪನಿಗೆ,

ನಿನ್ನೆ ಮಧ್ಯಾಹ್ನ ಬೈರನ ತಾಯಿ ಸೊಣ್ಣಮ್ಮ ನಮ್ಮ ಮನೆಗೆ ಬಂದಿದ್ದಳು. ಕಲಾಸಿಪಾಳ್ಯದಲ್ಲಿ ಬಸ್ಸು ಬದಲಿಸಿ, ಇಲ್ಲಿ ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದಳಂತೆ. ತನ್ನ ಮಗ ಉಂಡು ಹೋದ ಮನೆ ಎಂಬುದೊಂದೇ ಅವಳಿಗಿದ್ದ ಪರಿಚಯ. ಒಳಗೆ ಕರೆದರೂ ಬರಲಿಲ್ಲ, ಜಗಲಿಯ ಅಂಚಿನಲ್ಲಿ ಕುಳಿತಳು.

‘ಸಾಮಿ, ನಮ್ ಮೈದ ಊರ್ನಾಗೆಲ್ಲ ಯೋಳ್ಕಂಡ್ ತಿರುಗ್ತಾವ್ನೆ, ಬೈರ ಪರೀಕ್ಷೆಗೆ ಕೂರಲ್ಲ ಅಂತ. ನಿಜ್ವಾ?’

‘ಮಗನನ್ನು ಕೇಳಿದೆಯೇನಮ್ಮ?’

‘ಕೇಳ್ದೆ. ನಮ್ ಸಾರ್ ಎಲ್ಲಾ ನೋಡ್ಕತಾರೆ, ನೀನ್ ಸುಮ್ಕಿರವ್ವ ಅಂದ. ಅವ್ನಿಗೆ ಆ ಸಾರೇ ದೇವ್ರು. ಬೆಳಗ್ಗೆ ಎದ್ರೆ ಕೆರೆ ಏರಿ ಮ್ಯಾಲೆ ಓಡ್ತಾನೆ, ಬಂದು ಪುಸ್ತಕ ಇಡೀತಾನೆ. ಲೆಕ್ಕ ಬರಲ್ಲ ಅಂತ ನಾಗಲಕ್ಷ್ಮಮ್ಮೋರ ಮನೆಗೂ ಓಗ್ತಾವ್ನೆ. ಪರೀಕ್ಷೆಗೆ ಕೂರ್ದೋನು ಅಷ್ಟು ಯಾಕೆ ಓದ್ತಾನೆ, ನೀವೇ ಯೋಳಿ.’

ವಸಂತಮ್ಮ ಮಜ್ಜಿಗೆಯ ಲೋಟ ತಂದಿಟ್ಟಳು, ಸೊಣ್ಣಮ್ಮ ಅದನ್ನು ಮುಟ್ಟಲಿಲ್ಲ.

‘ಬರೀತಾನಾ ಇಲ್ವಾ, ಅಷ್ಟು ಯೋಳ್ಬುಡಿ ಸಾಮಿ. ಇಲ್ಲಾ ಅಂದ್ರೆ ಇಲ್ಲಾ ಅನ್ನಿ. ತಿಳಿದ್ರೆ ನಾನು ಯಾರ್ದಾರ ಕಾಲಾದ್ರೂ ಇಡೀತೀನಿ. ತಿಳೀದೆ ಯಾರ ಕಾಲು ಇಡೀಲಿ?’

ಮೂವತ್ತು ವರ್ಷ ಪಾಠ ಹೇಳಿದ ನಾನು ‘ಇದಕ್ಕೆ ಉತ್ತರ ಕೊಡಬೇಕಾದವರು ಚೌರಪ್ಪನವರು’ ಎಂದೆ. ‘ಅವ್ರಾ?’ ಎಂದು ಒಮ್ಮೆ ನನ್ನ ಮುಖ ನೋಡಿದಳು. ವಸಂತಮ್ಮ ಕೊಟ್ಟ ಮಜ್ಜಿಗೆಯನ್ನು ಕುಡಿದು, ಲೋಟ ತೊಳೆದಿಟ್ಟು ಹೊರಟಳು. ಅವಳು ಏನನ್ನು ಊಹಿಸಿದಳು ಎಂದು ನಾನು ಊಹಿಸಲು ಹೋಗುವುದಿಲ್ಲ.

ನಿನ್ನ ಅನ್ನದ ಮಾತು ಬರೆದಿದ್ದೆ. ಅದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಫಿಲೋಮಿನಾಳ ಸ್ಥಿತಿಯೂ ನನ್ನ ಮನಸ್ಸಿನಲ್ಲಿದೆ. ಆದರೆ ಮಾರ್ಚ್ ಎರಡನೆಯ ತಾರೀಖಿನೊಳಗೆ ನೀನು ಹೋಗದಿದ್ದರೆ ನಾನು ಫಾದರ್ ಡೆನ್ನಿಸ್ ಅವರಿಗೆ ಬರೆಯುತ್ತೇನೆ. ನಿನಗೆ ತಿಳಿಸದೆ ಬರೆದೆ ಎಂದು ಆಮೇಲೆ ನೀನು ಹೇಳಬಾರದು.

ಲಕ್ಷ್ಮಯ್ಯ


ಸಂತ ಗ್ಯಾಸ್ಪರ್ ಪ್ರೌಢಶಾಲೆ
ವೈಟ್‌ಫೀಲ್ಡ್ ರಸ್ತೆ
೬ ಮಾರ್ಚ್ ೧೯೮೧

ಮಾನ್ಯ ಲಕ್ಷ್ಮಯ್ಯನವರಿಗೆ,

ತಮ್ಮ ೩ನೆಯ ತಾರೀಖಿನ ಪತ್ರ ತಲುಪಿತು. ತಾವು ಈ ಶಾಲೆಗೆ ಸಲ್ಲಿಸಿದ ಸೇವೆಯನ್ನು ನಾವು ಮರೆತಿಲ್ಲ. ತಮ್ಮ ಮಾತಿನಲ್ಲಿ ನನಗೆ ಸಂಶಯವೂ ಇಲ್ಲ. ಆದರೆ ತಮ್ಮ ಸಾಕ್ಷ್ಯ ಒಂದು ದಿನಕ್ಕೆ ಸೀಮಿತ. ಒಂದು ದಿನವನ್ನು ಸೇರಿಸಿದರೂ ಚಿಕ್ಕಬೈರಪ್ಪನ ಹಾಜರಿ ಸಾಲುವುದಿಲ್ಲ. ಉಳಿದ ದಿನಗಳ ಬಗ್ಗೆ ವ್ಯಾಯಾಮ ಶಿಕ್ಷಕರೇ ಹೇಳಬೇಕು. ನಿನ್ನೆ ಅವರನ್ನು ಕರೆಸಿ ತಮ್ಮ ಪತ್ರ ಬಂದಿರುವುದನ್ನು ತಿಳಿಸಿದೆ. ಅವರು ‘ಯೋಚಿಸಿ ಹೇಳುತ್ತೇನೆ’ ಎಂದರು. ನೆನಪಿರುವ ಸಂಗತಿಯನ್ನು ಹೇಳಲು ಯೋಚನೆ ಏಕೆ ಬೇಕೆಂದು ನಾನು ಕೇಳಲಿಲ್ಲ.

ಹಾಲ್ ಟಿಕೆಟ್ಟುಗಳು ಬಂದಿವೆ. ಈ ಹುಡುಗನದು ನನ್ನ ಮೇಜಿನಲ್ಲಿದೆ. ಈಗ ಇರುವ ಸ್ಥಿತಿಯಲ್ಲಿ ಅದನ್ನು ಕೊಡಲು ಬರುವುದಿಲ್ಲ.

ಪ್ರಭುವಿನಲ್ಲಿ ತಮ್ಮ,
ಫಾದರ್ ಡೆನ್ನಿಸ್


ವೈಟ್‌ಫೀಲ್ಡ್
೧೪ ಮಾರ್ಚ್ ೧೯೮೧

ಪೂಜ್ಯ ಮೇಷ್ಟ್ರಿಗೆ,

ನೀವು ಫಾದರ್‌ಗೆ ಬರೆದದ್ದು ತಿಳಿದ ದಿನ ನಿಮ್ಮ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ. ಅದು ಈಗ ಇಲ್ಲ.

ಸೊಣ್ಣಮ್ಮ ನನ್ನ ಬಳಿ ಬರುತ್ತಾಳೆಂದು ದಿನವೂ ಕಾದೆ. ಅವಳು ಬರಲಿಲ್ಲ. ಶಾಲೆಯ ಗೇಟಿನ ಎದುರು ರಸ್ತೆಯಲ್ಲಿ ಎರಡು ಸಲ ಕಂಡಳು. ತಲೆಯ ಮೇಲೆ ಹುಲ್ಲಿನ ಹೊರೆ ಇತ್ತು. ನನ್ನನ್ನು ನೋಡಿ, ನಿಂತು, ಹಾಗೆಯೇ ಮುಂದೆ ಹೋದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ನಮ್ಮ ಪಶ್ಚಾತ್ತಾಪದ ದಿನವಾದ ಬೂದಿ ಬುಧವಾರ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ಮೇಲಿನ ಬೂದಿಯೊಂದಿಗೆ ನೇರವಾಗಿ ಕೆರೆ ಏರಿಗೆ ಹೋಗಿದ್ದೆ. ಬೈರ ನೋಡಿ, ‘ಏನ್ ಸಾರ್, ನೀವೂ ನಮ್ಮಂಗೆ ಇಬೂತಿ ಇಟ್ಕಂಡಿದ್ದೀರಾ?’ ಎಂದು ನಕ್ಕ. ಅಂದೇ ಹೇಳಬೇಕೆಂದಿದ್ದೆ, ಆಗಲಿಲ್ಲ. ಮರುದಿನ ಫಾದರ್ ಕರೆಸಿದರು. ಆಗಲೂ ‘ಯೋಚಿಸಿ ಹೇಳುತ್ತೇನೆ’ ಎಂದು ಬಂದುಬಿಟ್ಟೆ. ಈ ವಾರವೆಲ್ಲ ಹುಡುಗ ಏರಿಯ ಮೇಲೆ ಓಡುತ್ತಿದ್ದ, ನಾನು ಗಡಿಯಾರ ಹಿಡಿದು ನಿಂತಿದ್ದೆ. ನಿನ್ನೆ ಬೆಳಿಗ್ಗೆ ಅವನು ಮೊದಲ ಸುತ್ತು ಮುಗಿಸಿ ಬಂದಾಗ ಕೇಳಿಯೇಬಿಟ್ಟೆ.

‘ಬೈರ, ಈ ವರ್ಷ ಪರೀಕ್ಷೆ ಬರೀದಿದ್ರೆ ಏನಾಗುತ್ತೆ ಗೊತ್ತೇನೋ?’

‘ಕೆಲ್ಸ ಚಿಕ್ಕಪ್ಪನ ಮಗನ್ಗೆ ಓಯ್ತದೆ ಸಾರ್.’

‘ನಿನ್ ಹಾಜರಿ ಸಾಲ್ದು ಅಂತ ಮೀಟಿಂಗಲ್ಲಿ ಬಂತು. ನನ್ನ ಕೇಳಿದ್ರು. ನನ್ ಜೊತೆ ಇದ್ದ ಅಂತ ನಾನು ಹೇಳಲಿಲ್ಲ ಕಣೋ. ಮರೆತಲ್ಲ. ಬೇಕಂತಲೇ.’

ಅವನು ಬಗ್ಗಿ ಪಾದಕ್ಕಂಟಿದ್ದ ಕೆಸರನ್ನು ಕಡ್ಡಿಯಿಂದ ಕೆರೆದುಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

‘ಶೀಲ್ಡಿಗಾ ಸಾರ್?’

‘ಹೂಂ.’

ಕಡ್ಡಿಯನ್ನು ಕೆರೆಯ ಕಡೆ ಎಸೆದ. ಆಮೇಲೆ, ‘ಅಂಗಾದ್ರೆ ಇರ್ಲಿ ಬುಡಿ ಸಾರ್. ನೀವು ಯೋಳಿದ್ಮೇಲೆ ಮುಗೀತು. ಅವ್ವನ್ಗೆ ನಾನೇ ಏನಾರ ಒಂದು ಯೋಳ್ತೀನಿ’ ಎಂದ. ಎದ್ದು ನಿಂತು ಚಡ್ಡಿಗೆ ಕೈ ಒರೆಸಿಕೊಂಡ. ‘ಇನ್ನೊಂದು ಸುತ್ತು ಓಡ್ಲಾ?’

ಮೇಷ್ಟ್ರೇ, ಅವನು ಒಪ್ಪಿದ. ನನಗೆ ಬೇಕಾದದ್ದು ಇಷ್ಟೇ ತಾನೇ? ಹುಡುಗನಿಗೆ ತಿಳಿಸಿದ್ದೀಯಾ ಎಂದು ನೀವು ಬರೆದಿದ್ದಿರಿ. ತಿಳಿಸಿದೆ, ಒಪ್ಪಿದ ಎಂದು ನಿಮಗೆ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಅವನು ಏರಿಯ ಆ ತುದಿಗೆ ಓಡಿಹೋದ. ಅವನು ತಿರುಗಿ ಬರುವುದರೊಳಗೆ ನಾನು ಅಲ್ಲಿಂದ ಹೊರಟುಬಿಟ್ಟೆ. ಗಡಿಯಾರ ನಿಲ್ಲಿಸುವುದನ್ನೂ ಮರೆತಿದ್ದೆ.

ಫಾದರ್ ಆಫೀಸಿನ ಬೀಗ ತೆಗೆಯುತ್ತಿದ್ದರು. ವರಾಂಡದಲ್ಲಿಯೇ ಹೇಳಿದೆ. ಯಾವ ಯಾವ ದಿನ, ಯಾವ ಯಾವ ಊರು, ಎಲ್ಲವನ್ನೂ. ಅವರು ಕೀಲಿಯನ್ನು ಬಾಗಿಲಿನಲ್ಲಿಯೇ ಬಿಟ್ಟು ಕೇಳಿದರು.

‘ಅಂದು ಕಿಟಕಿ ನೋಡಿದ್ದು ಯಾಕೆ?’

‘ಶೀಲ್ಡಿಗೆ ಫಾದರ್. ಕೆಲಸಕ್ಕೆ ಕೂಡ.’

‘ನಾನು ಎರಡನೆಯ ಸಲ ಕೇಳಿದ್ದರೆ ನೀವು ಹೇಳುತ್ತಿದ್ದಿರಿ, ಅಲ್ಲವೋ?’

‘ಹೇಳುತ್ತಿದ್ದೆ ಅಂತ ಕಾಣುತ್ತೆ.’

‘ಅದು ನನಗೂ ಗೊತ್ತಿತ್ತು. ಹಾಗಾಗಿ ಕೇಳಲಿಲ್ಲ’ ಎಂದರು. ಆಮೇಲೆ ಅವರ ದನಿ ಬದಲಾಯಿತು. ‘ಹಾಜರಿಯ ವರದಿ ಬೋರ್ಡಿಗೆ ಹೋಗಿ ಆಗಿದೆ. ನಾನೇ ಹೋಗಿ ತಿದ್ದಿಸಬೇಕು. ಅವರು ಒಪ್ಪುತ್ತಾರೋ ಇಲ್ಲವೋ ಹೇಳಲಿಕ್ಕಾಗುವುದಿಲ್ಲ. ನಾಗಲಕ್ಷ್ಮಮ್ಮನವರನ್ನು ಕರೆಯಿರಿ. ಮತ್ತೆ ನಿಮ್ಮದು, ಮಾಸ್ಟರ್. ಜೂನ್‌ಗೆ ನಾನು ಬೇರೆಯವರನ್ನು ನೋಡುತ್ತೇನೆ.’

ಫಿಲೋಮಿನಾಗೆ ಇನ್ನೂ ಹೇಳಿಲ್ಲ. ನಿಮಗೆ ಮೊದಲು ಬರೆಯುತ್ತಿದ್ದೇನೆ. ಬೈರನ ಮುಂದೆ ನಿಲ್ಲುವ ಧೈರ್ಯ ನನಗಿಲ್ಲ. ಬೆಳಗಿನ ಅಭ್ಯಾಸವನ್ನು ನಿಲ್ಲಿಸಿದ್ದೇನೆ.

ಚೌರಪ್ಪ


ವರ್ತೂರು, ಪರೀಕ್ಷಾ ಕೇಂದ್ರದ ಹೊರಗೆ

ಚಿರಂಜೀವಿ ಚೌರಪ್ಪನಿಗೆ,

ಕಾಂಪೌಂಡಿನ ಗೋಡೆಯ ಮೇಲೆ ಕಾಗದವಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕಾರಣ ಅದು.

ನಿನ್ನ ಪತ್ರಕ್ಕೆ ನಾನು ಕೂಡಲೇ ಉತ್ತರಿಸಲಿಲ್ಲ. ಬೋರ್ಡಿನವರು ಏನು ಹೇಳುವರೋ ತಿಳಿಯದೆ ನಿನಗೆ ಏನೆಂದು ಬರೆಯಲಿ? ಫಾದರ್ ಡೆನ್ನಿಸ್ ಮೂರು ಸಲ ಬೋರ್ಡಿಗೆ ಹೋಗಿ ಬಂದರಂತೆ. ಮೊನ್ನೆ ಶನಿವಾರ ಸಂಜೆ ನಾಗಲಕ್ಷ್ಮಮ್ಮ ತಾವೇ ನಡೆದುಕೊಂಡು ಹೋಗಿ ಸೊಣ್ಣಮ್ಮನ ಮನೆಯಲ್ಲಿ ಹಾಲ್ ಟಿಕೆಟ್ಟು ಕೊಟ್ಟರು. ನಿನಗೆ ಯಾರೂ ಹೇಳಿರಲಾರರು ಎಂದು ನಾನು ಹೇಳುತ್ತಿದ್ದೇನೆ.

ನಾನು ನಿನ್ನೆಯೇ ಇಲ್ಲಿಗೆ ಬಂದೆ. ಬೆಳಿಗ್ಗೆ ಎಂಟು ಗಂಟೆಗೆಲ್ಲ ಸೊಣ್ಣಮ್ಮ ಮಗನನ್ನು ಕರೆದುಕೊಂಡು ಬಂದಳು. ಬೈರ ಶಾಲೆಯ ಬಿಳಿ ಅಂಗಿಯನ್ನೇ ಹಾಕಿದ್ದ, ಇಸ್ತ್ರಿಯಾಗಿತ್ತು. ಸ್ವಲ್ಪ ಹೊತ್ತಿಗೆ ಗೋಪಾಲಪ್ಪನೂ ಸೈಕಲ್ ತುಳಿದುಕೊಂಡು ಬಂದ. ಅಣ್ಣನ ಮಗನ ಬೆನ್ನು ತಟ್ಟಿ, ನನ್ನ ಕಡೆ ತಿರುಗಿ, ‘ಬರೀಲಿ ಬುಡಿ ಮೇಷ್ಟ್ರೇ. ಬರ್ದೋರೆಲ್ಲಾ ಪಾಸಾಗ್ತಾರಾ?’ ಎಂದ. ಸೊಣ್ಣಮ್ಮ ಕೂಡಲೇ, ‘ಬರೀದೋರು ಯಾರೂ ಆಗಲ್ವಲ್ಲ ಮೈದ. ನೀನು ಮೊದ್ಲು ಸೈಕಲ್ ನೆಳ್ಳಿಗೆ ಆಕು, ಟೈರ್ ಸಿಡಿದಾತು’ ಎಂದಳು. ಸುತ್ತ ನಿಂತವರು ನಕ್ಕರು. ಗೋಪಾಲಪ್ಪನೂ ನಕ್ಕ. ಅವನ ಮಾತಿನಲ್ಲಿ ಸತ್ಯವಿಲ್ಲ ಎನ್ನಲಾರೆ. ಇಂದು ಕನ್ನಡ, ಅದು ಅವನಿಗೆ ಬರುತ್ತದೆ. ಗಣಿತ ಗುರುವಾರ.

ಒಳಗೆ ಬಿಡುವ ಮೊದಲು ಬೈರ ಗೇಟಿನಿಂದ ಹಿಂದಕ್ಕೆ ಬಂದು ನನ್ನ ಬಳಿ ನಿಂತ.

‘ಚೌರಪ್ಪ ಸಾರ್ ಬಂದವ್ರಾ?’

‘ಇಲ್ಲಪ್ಪ.’

ರಸ್ತೆಯ ಆ ತುದಿಯವರೆಗೂ ನೋಡಿದ. ‘ಅವ್ರಿಗೆ ಕಾಗ್ದ ಬರೀತೀರಲ್ಲ ಮೇಷ್ಟ್ರೇ, ಒಂದು ಮಾತು ಬರೀರಿ. ಫೇಲಾಗಿ ಇಲ್ಲೇ ಉಳಿದ್ರೂ ಆಗಸ್ಟ್‌ನಾಗೆ ನಾನು ಓಡಲ್ಲ ಅಂತ.’

‘ಆಗಲಿ, ಬರೆಯುತ್ತೇನೆ.’

‘ಅವ್ರು ಯೋಳಿದ್ರೂ ಓಡಲ್ಲ ಅಂತ.’

ದನಿ ಏರಿಸಲಿಲ್ಲ. ನಾನು ಏನಾದರೂ ಹೇಳುವುದರೊಳಗೆ ಹುಡುಗರ ಸಾಲಿಗೆ ಸೇರಿಕೊಂಡ. ಇದನ್ನು ನಿನಗೆ ಸ್ವಲ್ಪ ಮೃದುವಾಗಿ ಬರೆಯಲೇ ಎಂದು ಯೋಚಿಸಿದೆ. ಹಾಗೆ ಬರೆಯಲು ನನಗೆ ಹಕ್ಕಿಲ್ಲ.

ಜೂನ್ ತಿಂಗಳ ಚಿಂತೆಯನ್ನು ಜೂನ್‌ನಲ್ಲಿ ಮಾಡೋಣ. ಇಬ್ಬರೂ ಕೂಡಿ ಮಾಡೋಣ. ಈಗ ಫಿಲೋಮಿನಾಗೆ ನಡೆದದ್ದನ್ನೆಲ್ಲ ಹೇಳು, ಇಂದೇ ಹೇಳು. ಆಮೇಲೆ ಗುರುವಾರ ಬೆಳಿಗ್ಗೆ ಇಲ್ಲಿಗೆ ಬಾ. ಗೇಟಿನ ಎಡಕ್ಕೆ ಹೊಂಗೆಮರವಿದೆ, ಅದರ ಕೆಳಗೆ ಅವನಿಗೆ ಕಾಣುವ ಹಾಗೆ ನಿಲ್ಲು. ಅವನು ಮಾತನಾಡಿಸದೆ ಒಳಗೆ ಹೋಗಬಹುದು. ಮುಖ ತಿರುಗಿಸಿಕೊಂಡೂ ಹೋಗಬಹುದು. ಆದರೂ ನಿಲ್ಲು. ಪರೀಕ್ಷೆ ಮುಗಿದು ಅವನು ಹೊರಗೆ ಬರುವವರೆಗೂ ನಿಂತಿರು.

ಗಂಟೆ ಬಾರಿಸಿತು. ಪ್ರಶ್ನೆಪತ್ರಿಕೆ ಕೊಡುತ್ತಿದ್ದಾರೆ. ಎರಡನೆಯ ಕೋಣೆಯ ಕಿಟಕಿಯ ಪಕ್ಕದಲ್ಲಿ ಬೈರನ ತಲೆ ಕಾಣುತ್ತಿದೆ. ಹೊರಗೆ ನೋಡುತ್ತಿಲ್ಲ.

ನಿನ್ನ,
ಲಕ್ಷ್ಮಯ್ಯ
೧೯೮೧ನೆಯ ಇಸವಿ ಮಾರ್ಚ್ ೩೦, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಾಲ್ಕು ನಿಮಿಷ